ಅಧ್ಯಕ್ಷರ ಬಲಗಡೆಯ ಹೃದಯ

ಷಡಕ್ಷರಿಯವರು ಚಾಮರಾಜಪುರಂ ಹಿತಚಿಂತಕರ ಬಳಗದ ಅಧ್ಯಕ್ಷರಾಗಿ ಒಂಬತ್ತು ವರ್ಷವಾಗಿತ್ತು. ಅವರನ್ನು ಆರಿಸಿದ್ದು ಯಾರಿಗೂ ನೆನಪಿರಲಿಲ್ಲ, ಇಳಿಸುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ. ಸಂತೆಪೇಟೆಯಲ್ಲಿ ಅವರದೊಂದು ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ. ವಯಸ್ಸು ಅರವತ್ತೊಂದು. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಜುಬ್ಬ, ಯಾರು ಎದುರಾದರೂ ಮೊದಲು ತಾವೇ ಕೈಮುಗಿಯುವ ಒಳ್ಳೆಯ ಗುಣ. ಕೆಟ್ಟ ಗುಣ ಒಂದೇ: ಫೋಟೊ. ಬಳಗದವರು ಗಿಡ ನೆಡಬೇಕಾದರೆ ಗಿಡಕ್ಕಿಂತ ಮುಂಚೆ ಫೋಟೊಗ್ರಾಫರ್ ಬಂದಿರಬೇಕು. ಹಿಂದಿನ ವರ್ಷ ಚರಂಡಿ ಸ್ವಚ್ಛ ಮಾಡಿಸಿದಾಗ ಆತ ತಡವಾಗಿ ಬಂದನೆಂದು, ತೆಗೆದಿದ್ದ ಕಸವನ್ನು ವಾಪಸ್ ಹಾಕಿಸಿ ಮತ್ತೊಮ್ಮೆ ತೆಗೆಸಿದ್ದರು.

ಈ ಸಲ ಬಳಗದ ಕಾರ್ಯದರ್ಶಿ ಲಿಂಗರಾಜು ಉಚಿತ ಹೃದಯ ತಪಾಸಣಾ ಶಿಬಿರ ಇಡೋಣವೆಂದ. ಒಂದು ಭಾನುವಾರ ಬೆಳಿಗ್ಗೆ ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ನೂರ ನಲವತ್ತು ಜನ ಟೋಕನ್ ಹಿಡಿದು ಕೂತರು. ಒಂದು ಲ್ಯಾಬಿನವರು ಸ್ವರೂಪ್ ಅನ್ನುವ ಎಳೆಯ ಡಾಕ್ಟರನ್ನೂ, ಇಸಿಜಿ ತೆಗೆಯಲು ಗೌತಮಿ ಅನ್ನುವ ಟೆಕ್ನಿಷಿಯನ್ನನ್ನೂ ಕಳಿಸಿದ್ದರು. ಗೌತಮಿಗೆ ಇಪ್ಪತ್ತಾರು ವರ್ಷ, ಮನೆ ಕುಂಬಾರಕೊಪ್ಪಲಿನಲ್ಲಿ. ಅವಳ ಅಪ್ಪ ಜವರಪ್ಪ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡಿ ಮಗಳನ್ನು ಓದಿಸಿದ್ದ. ನಾಲ್ಕು ವರ್ಷದ ಕೆಲಸದಲ್ಲಿ ಅವಳು ಎಷ್ಟೋ ಸಾವಿರ ಎದೆಗಳ ಮೇಲೆ ತಂತಿಯ ರಬ್ಬರ್ ಬಟ್ಟಲುಗಳನ್ನು ಅಂಟಿಸಿದ್ದಳು, ಕೈಕಾಲಿಗೆ ಕ್ಲಿಪ್ಪು ಸಿಕ್ಕಿಸಿದ್ದಳು. ಕೆಂಪು ಬಲಗೈಗೆ, ಹಳದಿ ಎಡಗೈಗೆ. ನಿದ್ದೆಗಣ್ಣಿನಲ್ಲಿ ಎಬ್ಬಿಸಿದರೂ ತಪ್ಪುತ್ತಿರಲಿಲ್ಲ.

ಆದರೆ ಅವತ್ತು ಮೊದಲ ಕ್ಲಿಪ್ಪು ಅವಳ ಕೈಗೆ ಸಿಗಲಿಲ್ಲ. ಶಿಬಿರದ ಉದ್ಘಾಟನೆಗೆ ಮಾಜಿ ಕಾರ್ಪೊರೇಟರ್ ಮರಿಸ್ವಾಮಿ ಬಂದಿದ್ದರು. ದೀಪ ಹಚ್ಚಿದರೆ ಫ್ಯಾನಿನ ಗಾಳಿಗೆ ಆರುತ್ತಿತ್ತು, ಫ್ಯಾನ್ ಆರಿಸಿದರೆ ಮರಿಸ್ವಾಮಿ ಬೆವರುತ್ತಿದ್ದರು. ಕೊನೆಗೆ ಲಿಂಗರಾಜುಗೆ ಹೊಸ ಉಪಾಯ ಹೊಳೆಯಿತು. ಅಧ್ಯಕ್ಷರನ್ನೇ ಮೊದಲ ರೋಗಿಯನ್ನಾಗಿ ಮಂಚದ ಮೇಲೆ ಮಲಗಿಸುವುದು, ಮುಖ್ಯ ಅತಿಥಿಗಳು ಮೊದಲ ಕ್ಲಿಪ್ಪು ಹಾಕಿ ಉದ್ಘಾಟಿಸುವುದು.

ಹಿಂದಿನ ಬ್ಯಾನರು ಪೂರ್ತಿ ಕಾಣಬೇಕೆಂದು ಫೋಟೊಗ್ರಾಫರ್ ಮರಿಸ್ವಾಮಿಯವರನ್ನು ಮಂಚದ ಎಡಗಡೆ ನಿಲ್ಲಿಸಿದ. ಅವರು ತಂತಿಗಳ ಗೊಂಚಲು ನೋಡಿ, "ಕೆಂಪು ಮಂಗಳಕರ" ಅಂತ ಕೆಂಪು ಕ್ಲಿಪ್ಪನ್ನೇ ಎತ್ತಿಕೊಂಡು, ಹತ್ತಿರ ಸಿಕ್ಕಿದ ಎಡಗೈಗೆ ಹಾಕಿದರು. ಚಪ್ಪಾಳೆ ಬಿತ್ತು.

"ಸರ್, ಕೆಂಪು ಬಲಗೈಗೆ ಬರಬೇಕು," ಅಂದಳು ಗೌತಮಿ.

"ಇರ್ಲಿ ಬುಡಮ್ಮ. ಎರಡೂ ಅವರ ಕೈಗಳೇ ತಾನೆ?"

ಜನ ನಕ್ಕರು. ತಾನೂ ಫೋಟೊದಲ್ಲಿ ಇರಬೇಕೆಂದು ಲಿಂಗರಾಜು ಓಡಿಬಂದು ಹಳದಿ ಕ್ಲಿಪ್ಪನ್ನು ಬಲಗೈಗೆ ಸಿಕ್ಕಿಸಿ ಕ್ಯಾಮೆರಾ ಕಡೆ ತಿರುಗಿದ. ಕಾಲಿನದ್ದು, ಎದೆಯದ್ದು ಗೌತಮಿಯೇ ಹಾಕಿದಳು. ಫೋಟೊ ಮುಗಿಯಲಿ, ಆಮೇಲೆ ಸರಿ ಮಾಡೋಣ ಅಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಮರಿಸ್ವಾಮಿ ಯಂತ್ರದ ಹಸಿರು ಬಟನ್ನನ್ನೂ ಉದ್ಘಾಟಿಸಿಬಿಟ್ಟರು. ಕಾಗದ ಸರ್ರನೆ ಹೊರಬಂತು.

ಆ ಕಾಗದದ ತಲೆಯ ಮೇಲೆ ಯಂತ್ರ ತಾನೇ ಇಂಗ್ಲಿಷಿನಲ್ಲಿ ಎರಡು ಸಾಲು ಅಚ್ಚು ಹಾಕಿತ್ತು. ಕೈಗಳ ತಂತಿ ಅದಲುಬದಲಾಗಿರಬಹುದು, ಇಲ್ಲವೇ ಡೆಕ್ಸ್ಟ್ರೋಕಾರ್ಡಿಯಾ ಇರಬಹುದು ಎಂಬುದು ಮೊದಲ ಸಾಲು. ಎರಡನೆಯ ಸಾಲಿನಲ್ಲಿ ಇನ್ನೇನೋ ಬ್ಲಾಕ್ ಅಂತ ಇತ್ತು. ಗೌತಮಿ ಆ ಸಾಲುಗಳನ್ನು ಓದುವ ಮೊದಲೇ ಗೆರೆಗಳನ್ನು ಓದಿದ್ದಳು. ತಂತಿ ತಿರುಗಿದ್ದು ಅವಳಿಗೆ ಗೊತ್ತೇ ಇತ್ತು. ಅವಳ ಕಣ್ಣು ನಿಂತದ್ದು ಕೆಳಗಿನ ಉದ್ದದ ಗೆರೆಯ ಮೇಲೆ. ಅಲ್ಲಿ ಒಂದು ಸಣ್ಣ ಗುಡ್ಡ ಬಂದಿತ್ತು, ಅದರ ಹಿಂದೆ ಬರಬೇಕಾಗಿದ್ದ ಚೂಪು ಗೆರೆ ಬಂದಿರಲಿಲ್ಲ. ಒಂದು ಬಡಿತ ತಪ್ಪಿತ್ತು.

ಅವಳು ಕಾಗದವನ್ನು ಡಾಕ್ಟರ್ ಸ್ವರೂಪ್ ಮುಂದಿಟ್ಟು ಎರಡನ್ನೂ ಹೇಳಿದಳು. ಸ್ವರೂಪ್ ನೋಡಿ, "ಹೌದು, ಇನ್ನೊಂದು ತೆಗೀರಿ. ಇವರು ಹೃದ್ರೋಗ ತಜ್ಞರನ್ನ ನೋಡಲೇಬೇಕು" ಅಂತ ಅದರ ಮೇಲೇ ಬರೆದುಕೊಟ್ಟ. ಅವಳು ಕಾಗದ ಹಿಡಿದು ವಾಪಸ್ ಬರುವಷ್ಟರಲ್ಲಿ ಅಧ್ಯಕ್ಷರು ಜುಬ್ಬ ತೊಟ್ಟು ಮುಖ್ಯ ಅತಿಥಿಗಳ ಜೊತೆ ತಿಂಡಿಗೆ ಕೂತಿದ್ದರು. ಲಿಂಗರಾಜು ಅವಳ ಕೈಯಿಂದ ಕಾಗದ ಕಿತ್ತುಕೊಂಡ.

"ಕೊಡಮ್ಮ, ನಾನು ತೋರಿಸ್ತೀನಿ. ನೀನು ಮಿಕ್ಕವರದ್ದು ನೋಡು, ಇನ್ನೂ ನೂರ ಮೂವತ್ತೊಂಬತ್ತು ಜನ ಇದಾರೆ."

ಲಿಂಗರಾಜು ಆ ಮೊದಲ ಸಾಲಿನ ಮೊದಲ ಅರ್ಧವನ್ನು ಓದಲಿಲ್ಲ. ಎರಡನೆಯ ಅರ್ಧ ಉದ್ದವಾಗಿತ್ತು, ಗಂಭೀರವಾಗಿತ್ತು, ಅಧ್ಯಕ್ಷರಿಗೆ ಒಪ್ಪುವಂತಿತ್ತು. ಫೋನಿನಲ್ಲಿ ಹುಡುಕಿ ನೋಡಿದ. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದು ನಿಂತ.

"ಸಾರ್! ನಿಮ್ಮ ಹೃದಯ ಬಲಗಡೆ ಇದೆಯಂತೆ ಸಾರ್! ಹನ್ನೆರಡು ಸಾವಿರ ಜನರಲ್ಲಿ ಒಬ್ಬರಿಗೆ ಹಂಗಿರುತ್ತಂತೆ!"

ಇಡೀ ಸಭೆ ತಿರುಗಿ ನೋಡಿತು. ಷಡಕ್ಷರಿಯವರು ಮೊದಲು ಹೆದರಿದರು. ಅದರಿಂದ ಅಪಾಯವಿಲ್ಲವೆಂದು ಲಿಂಗರಾಜು ಓದಿ ಹೇಳಿದ ಮೇಲೆ ಮೆಲ್ಲಗೆ ಬಲಗಡೆ ಎದೆ ಮುಟ್ಟಿಕೊಂಡರು. ಫೋಟೊಗ್ರಾಫರ್ ಅದನ್ನು ಬಿಡಲಿಲ್ಲ.

"ನಾನು ಮೂರು ಪಕ್ಷ ಬದಲಾಯಿಸಿ ಎಡಕ್ಕೂ ಬಲಕ್ಕೂ ಹೋಗ್ಬಂದೆ," ಅಂದರು ಮರಿಸ್ವಾಮಿ, "ಯಾರೂ ಕೇಳ್ಳಿಲ್ಲ. ಇವರು ಹುಟ್ಟುತ್ತಲೇ ಬಲಕ್ಕೆ ಇಟ್ಕೊಂಡು ಬಂದವರೆ ನೋಡಿ!"

ಒಂದೇ ವಾರದಲ್ಲಿ ಸುದ್ದಿ ಬಡಾವಣೆ ದಾಟಿತು. ಸಂತೆಪೇಟೆಯಲ್ಲಿ ಪಾತ್ರೆ ಕೊಳ್ಳಲು ಬಂದವರು ಪಾತ್ರೆ ಬಿಟ್ಟು ಅಧ್ಯಕ್ಷರ ಎದೆ ನೋಡತೊಡಗಿದರು. ಹೃದಯ ಬಲಗಡೆ ಇರುವವರು ಸುಳ್ಳು ಹೇಳುವುದಿಲ್ಲವಂತೆ ಎಂದು ಒಬ್ಬರು ಹೇಳಿದರು. ಮದುವೆ ಮಾತುಕತೆಗೆ ಹೋಗುವಾಗ ಇವರನ್ನು ಮುಂದೆ ಬಿಟ್ಟುಕೊಂಡು ಹೋದರೆ ಒಳ್ಳೆಯದಾಗುತ್ತದೆ ಎಂದು ಇನ್ನೊಬ್ಬರು ಹೇಳಿದ್ದಷ್ಟೇ ಅಲ್ಲ, ಕರೆದುಕೊಂಡೂ ಹೋದರು. ಮಾತುಕತೆ ಕುದುರಿತು. ಷಡಕ್ಷರಿಯವರು ಜುಬ್ಬದ ಎರಡು ಜೇಬುಗಳಲ್ಲಿ ಬಲಗಡೆಯದನ್ನು ಬಿಚ್ಚಿಸಿಬಿಟ್ಟರು, ಫೋನಿನ ಭಾರ ಹೃದಯದ ಮೇಲೆ ಬೀಳಬಾರದೆಂದು.

ಮನೆಯಲ್ಲಿ ಮಾತ್ರ ಅವರ ಹೆಂಡತಿ ಪ್ರೇಮಲೀಲಾ ಇದನ್ನು ನಂಬಲಿಲ್ಲ.

"ಮೂವತ್ತೊಂದು ವರ್ಷ ನಾನು ನಿಮ್ಮ ಎಡಗಡೆ ಎದೆ ಮೇಲೆ ತಲೆಯಿಟ್ಟಿದೀನಿ. ಅಲ್ಲಿ ಬಡ್ಕೊಳ್ತಾ ಇದ್ದಿದ್ದೇನು ಹಾಗಾದ್ರೆ?"

"ಅದು ಪ್ರತಿಧ್ವನಿ ಕಣೇ."

ಪ್ರೇಮಲೀಲಾ ಇನ್ನೂ ಒಂದು ವಿಷಯ ಗಮನಿಸಿದ್ದರು. ಗಂಡ ಮಹಡಿ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಲ್ಲುತ್ತಿದ್ದರು. ಪೂಜೆಗೆ ಕೂತಲ್ಲೇ ಒಂದು ಸಲ ಕಣ್ಣು ಕತ್ತಲೆಯಾಗಿ ಗೋಡೆಗೆ ಒರಗಿದ್ದರು. ಕೇಳಿದರೆ, "ಬಲಗಡೆ ಹೃದಯದವರಿಗೆ ಹಂಗೇ ಇರುತ್ತೆ, ರಕ್ತ ದೂರ ಸುತ್ತಿ ಬರಬೇಕಲ್ಲ" ಅನ್ನುತ್ತಿದ್ದರು. ಇದನ್ನು ಯಾವ ಡಾಕ್ಟರೂ ಅವರಿಗೆ ಹೇಳಿರಲಿಲ್ಲ. ಯಾವ ಡಾಕ್ಟರ ಹತ್ತಿರವೂ ಅವರು ಹೋಗಿರಲಿಲ್ಲ.

ಇತ್ತ ಗೌತಮಿ ಲಿಂಗರಾಜುಗೆ ಎರಡು ಸಲ ಫೋನ್ ಮಾಡಿದ್ದಳು. ಮೊದಲ ಸಲ ಅವನು, "ಆ ಕಾಗದ ಈಗ ಬಳಗದ ಆಸ್ತಿ ಕಣಮ್ಮ, ನಿನ್ನ ಲ್ಯಾಬಿಗೆ ಸಂಬಂಧ ಇಲ್ಲ" ಅಂದ. ಎರಡನೆಯ ಸಲ, "ನಮ್ಮ ಅಧ್ಯಕ್ಷರಿಗೆ ಒಳ್ಳೇದಾದ್ರೆ ನಿನಗ್ಯಾಕೆ ಸಂಕಟ?" ಅಂತ ಕೇಳಿ ಇಟ್ಟುಬಿಟ್ಟ. ಲ್ಯಾಬಿನ ಮೇನೇಜರ್, ಟೆಕ್ನಿಷಿಯನ್ ಆದವಳು ರಿಪೋರ್ಟ್ ಬಗ್ಗೆ ಬಾಯಿ ಬಿಡಬಾರದೆಂದು ಅವಳಿಗೇ ಗದರಿದ. ಅಧ್ಯಕ್ಷರ ಮನೆ ಎಲ್ಲಿ ಅಂತ ಅವಳಿಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಚಾಮರಾಜಪುರಂಗೆ ಹೋಗಿ ವಿಚಾರಿಸಿಯೇ ಬಿಡಬೇಕು ಅಂದುಕೊಳ್ಳುತ್ತಿರುವಾಗ ಲಿಂಗರಾಜುವಿನ ಫೋನೇ ಬಂತು.

ಅವನ ದನಿ ಮೆತ್ತಗಾಗಿತ್ತು. ಬಳಗದವರು ಷಡಕ್ಷರಿಯವರಿಗೆ 'ಅಪೂರ್ವ ಹೃದಯಿ' ಎಂಬ ಬಿರುದು ಕೊಟ್ಟು ಸನ್ಮಾನ ಮಾಡುವುದೆಂದು ತೀರ್ಮಾನವಾಗಿತ್ತು. ಇಸಿಜಿ ಕಾಗದಕ್ಕೆ ಚೌಕಟ್ಟು ಹಾಕಿಸಿ ಕೊಡಬೇಕೆಂದು ಲಿಂಗರಾಜು ಅದನ್ನು ಲ್ಯಾಮಿನೇಷನ್ ಅಂಗಡಿಗೆ ಒಯ್ದಿದ್ದ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು. ಯಂತ್ರದ ಒಳಗೆ ಹೋದದ್ದು ಅಧ್ಯಕ್ಷರ ಹೃದಯ, ಹೊರಗೆ ಬಂದದ್ದು ಸ್ಲೇಟು. ಡಾಕ್ಟರ್ ಸ್ವರೂಪ್ ಬರೆದದ್ದೂ ಅದರೊಳಗೇ ಹೋಯಿತು.

"ಇನ್ನೊಂದು ಅಂಥದ್ದೇ ತೆಗೆದುಕೊಡಮ್ಮ, ಮನೆಗೇ ಬಂದು," ಅಂದ ಲಿಂಗರಾಜು. "ಬಿಸಿ ತಾಗಿಸಲ್ಲ, ಆಣೆ."

"ಇವತ್ತೇ ಬರ್ತೀನಿ ಸರ್," ಅಂದಳು ಗೌತಮಿ.

ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಅವಳು ಸ್ಕೂಟರಿನ ಮುಂದೆ ಯಂತ್ರದ ಪೆಟ್ಟಿಗೆ ಇಟ್ಟುಕೊಂಡು ಬಂದಳು. ಷಡಕ್ಷರಿಯವರು ನಡುಮನೆಯ ದಿವಾನದ ಮೇಲೆ ಮಲಗಿದರು. ಲಿಂಗರಾಜು ಸನ್ಮಾನದ ದಿನ ಪರದೆಯ ಮೇಲೆ ತೋರಿಸಲು ಫೋನಿನಲ್ಲಿ ವಿಡಿಯೊ ಶುರು ಮಾಡಿದ. ಗೌತಮಿ ಕೆಂಪು ಕ್ಲಿಪ್ಪನ್ನು ಬಲಗೈಗೆ ಹಾಕಿದಳು, ಹಳದಿಯನ್ನು ಎಡಗೈಗೆ. ಈ ಸಲ ಅವಳನ್ನು ಯಾರೂ ತಡೆಯಲಿಲ್ಲ. ಕಾಗದ ಬಂತು. ಅವಳು ಅದನ್ನು ನೋಡುತ್ತ ನಿಂತಳು.

"ಹೇಗೆ ಬಂದಿದೆಯಮ್ಮ?" ಅಂದರು ಷಡಕ್ಷರಿ.

"ಸರ್, ನಿಮ್ಮ ಹೃದಯ ಎಡಗಡೆನೇ ಇದೆ."

ಅಡುಗೆಮನೆಯಿಂದ ಪ್ರೇಮಲೀಲಾ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದು ನಿಂತರು.

"ಅದು ಹೆಂಗಾಗುತ್ತೆ?" ಷಡಕ್ಷರಿಯವರ ಮುಖ ಕೆಂಪಾಯಿತು. "ಒಂದು ತಿಂಗಳು ಬಲಗಡೆ ಇದ್ದದ್ದು ಇವತ್ತು ಎಡಕ್ಕೆ ಹೋಯ್ತಾ? ನೀನು ತಂತಿ ಬೇರೆ ಥರ ಹಾಕಿದೀಯ. ಅವತ್ತು ಹಾಕಿದ ಹಾಗೆ ಹಾಕು."

"ಅವತ್ತು ನಾನು ಹಾಕಲಿಲ್ಲ ಸರ್. ಸರಿ, ಹಾಕ್ತೀನಿ ನೋಡಿ."

ಅವಳು ಕೆಂಪನ್ನೂ ಹಳದಿಯನ್ನೂ ಅದಲುಬದಲು ಮಾಡಿ ಬಟನ್ ಒತ್ತಿದಳು. ಯಂತ್ರ ಮತ್ತೆ ಡೆಕ್ಸ್ಟ್ರೋಕಾರ್ಡಿಯಾ ಎಂದು ಅಚ್ಚು ಹಾಕಿತು. "ನೋಡಿ, ಬಲಕ್ಕೆ ಬಂತು." ಮತ್ತೆ ಬದಲಾಯಿಸಿದಳು. "ಈಗ ಎಡಕ್ಕೆ. ಹೃದಯ ಓಡಾಡಲ್ಲ ಸರ್. ಓಡಾಡೋದು ತಂತಿ. ಕೈ ಬದಲಾದ್ರೂ ಎದೆ ಮೇಲಿನ ಆರು ತಂತಿ ಮೊದಲಿಂದ ಎಡಗಡೆ ಅಂತಲೇ ಹೇಳ್ತಾ ಇದ್ವು. ಅವತ್ತೂ ಹೇಳಿದ್ವು. ಯಾರೂ ಕೇಳಲಿಲ್ಲ."

"ಬಲಕ್ಕೆ ಬಂದಿರೋ ಕಾಗದ ನನಗೆ ಕೊಟ್ಬುಡು," ಅಂದ ಲಿಂಗರಾಜು ಮೆಲ್ಲಗೆ, ವಿಡಿಯೊ ನಿಲ್ಲಿಸದೆ.

ಗೌತಮಿ ಅವನ ಕಡೆ ನೋಡಲೇ ಇಲ್ಲ. ಕಾಗದಗಳನ್ನು ಪ್ರೇಮಲೀಲಾ ಮುಂದೆ ಹಿಡಿದಳು. "ಅಮ್ಮ, ಎಡ ಬಲ ಬಿಡಿ. ಇದು ನೋಡಿ. ಹೃದಯಕ್ಕೆ ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೇಲ್ಗಡೆ ಒಂದು ಸಣ್ಣ ಜಾಗದಿಂದ ಕರೆಂಟು ಹೊರಡುತ್ತೆ. ಮೊದಲು ಮೇಲಿನ ಕೋಣೆ ಹಿಂಡಿ ರಕ್ತನ ಕೆಳಕ್ಕೆ ಇಳಿಸುತ್ತೆ. ಈ ಸಣ್ಣ ಗುಡ್ಡ ಅದು. ಕರೆಂಟು ಮಧ್ಯದಲ್ಲಿ ಒಂದು ಚೂರು ತಡೆದು, ಆಮೇಲೆ ಕೆಳಗಿನ ಕೋಣೆಗೆ ಹೋಗುತ್ತೆ. ಅದು ಹಿಂಡಿದ್ರೇನೇ ಮೈಗೆಲ್ಲ ರಕ್ತ. ಈ ಚೂಪು ಗೆರೆ ಅದು. ಹಿಂದೆ ಬರೋ ಅಗಲದ ಉಬ್ಬು, ದಣಿವಾರಿಸ್ಕೊಳ್ಳೋದು. ಇಷ್ಟಾದ್ರೆ ಒಂದು ಸುತ್ತು."

"ಗೊತ್ತಾಯ್ತು, ಹೇಳು."

"ಯಜಮಾನರಿಗೆ ಎರಡು ಸಣ್ಣ ಗುಡ್ಡಕ್ಕೆ ಒಂದೇ ಚೂಪು ಗೆರೆ ಬರ್ತಾ ಇದೆ. ಮೇಲಿನ ಕೋಣೆ ಎರಡು ಸಲ ಕರೆದ್ರೆ ಕೆಳಗಿನದು ಒಂದು ಸಲ ಓಗೊಡ್ತಾ ಇದೆ. ಶಿಬಿರದ ದಿನ ಒಂದೇ ಒಂದು ತಪ್ಪಿತ್ತು. ಈಗ ನಿಮಿಷಕ್ಕೆ ಮೂವತ್ತೆಂಟು ಬಡಿತ. ತಲೆ ಸುತ್ತುತ್ತಾ ಇವರಿಗೆ?"

ಪ್ರೇಮಲೀಲಾ ಕಾಫಿ ಲೋಟವನ್ನು ಟೀವಿಯ ಪಕ್ಕ ಇಟ್ಟರು. "ಸುತ್ತುತ್ತೆ ಕಣಮ್ಮ. ಹದಿನೈದು ದಿನದಿಂದ ಹೇಳ್ತಾ ಇದೀನಿ."

"ಈಗಲೇ ಆಸ್ಪತ್ರೆಗೆ ಹೊರಡಿ. ನಾಳೆ ಅನ್ನಬೇಡಿ."

ಷಡಕ್ಷರಿಯವರಿಗೆ ಈ ಮಾತು ಯಾವುದೂ ಒಳಗೆ ಇಳಿದಿರಲಿಲ್ಲ. ಅವರ ಮನಸ್ಸಿನಲ್ಲಿ ಆಹ್ವಾನಪತ್ರಿಕೆಗಳಿದ್ದವು, ಶಾಲು ಇತ್ತು, ಹಣ್ಣಿನ ಬುಟ್ಟಿ ಇತ್ತು. "ಆಸ್ಪತ್ರೆ ಗೀಸ್ಪತ್ರೆ ಎಲ್ಲ ಸನ್ಮಾನ ಆದ ಮೇಲೆ," ಅಂದರು. "ಇಲ್ಲಿ ಯಾರಿಗೂ ಏನೂ ಗೊತ್ತಾಗಬೇಕಾಗಿಲ್ಲ. ಲಿಂಗರಾಜು, ಆ ಬಲಗಡೆ ಕಾಗದ..."

ಮಾತು ಅಲ್ಲಿಗೇ ನಿಂತಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ತಲೆ ದಿಂಬಿನ ಮೇಲೆ ವಾಲಿತು.

ಕ್ಲಿಪ್ಪುಗಳು ಇನ್ನೂ ಕೈಯಲ್ಲೇ ಇದ್ದವು. ಗೌತಮಿ ಯಂತ್ರದ ಪರದೆ ನೋಡಿದಳು. ಒಂದು ಸಣ್ಣ ಗುಡ್ಡ. ಅದರ ಹಿಂದೆ ಇನ್ನೊಂದು. ಮೂರನೆಯದು, ನಾಲ್ಕನೆಯದು. ಒಂದರ ಹಿಂದೆಯೂ ಚೂಪು ಗೆರೆ ಇಲ್ಲ. ಮೇಲಿನ ಕೋಣೆ ತನ್ನ ಪಾಡಿಗೆ ಕರೆಯುತ್ತಿತ್ತು, ಕೆಳಗಿನದು ಸುಮ್ಮನೆ ಬಿದ್ದಿತ್ತು. ಅವಳು ಅಧ್ಯಕ್ಷರನ್ನು ದಿವಾನದಿಂದ ನೆಲಕ್ಕೆ ಎಳೆದುಕೊಂಡು, ಎದೆಯ ನಡುಮಧ್ಯೆ ಎರಡೂ ಅಂಗೈ ಊರಿ ಒತ್ತತೊಡಗಿದಳು. ಜೋರಾಗಿ ಎಣಿಸುತ್ತಿದ್ದಳು.

"ಆಂಬುಲೆನ್ಸಿಗೆ ಫೋನ್ ಮಾಡಿ!"

ಲಿಂಗರಾಜು ಬಾಯಿ ತೆರೆದುಕೊಂಡು ನಿಂತಿದ್ದ. ಫೋನು ಇನ್ನೂ ಅವನ ಮುಖದ ಮುಂದೆಯೇ ಇತ್ತು, ವಿಡಿಯೊ ಓಡುತ್ತಲೇ ಇತ್ತು. ಪ್ರೇಮಲೀಲಾ ಅವನ ರಟ್ಟೆ ಹಿಡಿದು ಅಲ್ಲಾಡಿಸಿದರು.

"ಆ ಫೋನಲ್ಲಿ ಫೋನೂ ಮಾಡಬಹುದು ಕಣೋ!"

ಹದಿನೆಂಟು ಎಣಿಸುವ ಹೊತ್ತಿಗೆ ಷಡಕ್ಷರಿಯವರು ನರಳಿದರು. ಪರದೆಯ ಮೇಲೆ ಒಂದು ಚೂಪು ಗೆರೆ ಎದ್ದಿತು. ಸ್ವಲ್ಪ ತಡೆದು ಇನ್ನೊಂದು. ಅವರು ಕಣ್ಣು ಬಿಟ್ಟು, ಎದೆಯ ಮೇಲೆ ಬಾಗಿದ್ದ ಹುಡುಗಿಯನ್ನು ನೋಡಿ, "ಯಾಕಮ್ಮ ಹೊಡೀತೀಯ?" ಅಂದರು.

ಗೌತಮಿಗೆ ನಗು ಬಂತು, ಅಳುವೂ ಬಂತು. ಪ್ರೇಮಲೀಲಾ ನೆಲದ ಮೇಲೆ ಕುಸಿದು ಕೂತು ಗಂಡನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಗಂಡನನ್ನು ಅವರು ಬೈದದ್ದು ಆಂಬುಲೆನ್ಸಿನಲ್ಲಿ, ಆಸ್ಪತ್ರೆ ಬರುವವರೆಗೂ.

ಆಸ್ಪತ್ರೆಯಲ್ಲಿ ಡಾಕ್ಟರು ಗೌತಮಿ ತಂದಿದ್ದ ಉದ್ದನೆಯ ಕಾಗದ ಬಿಡಿಸಿ ನೋಡಿ, ಕರೆಂಟು ಕೆಳಗಿಳಿಯುವ ದಾರಿಯೇ ಕೆಟ್ಟಿದೆ, ಪೇಸ್‌ಮೇಕರ್ ಹಾಕಬೇಕು ಎಂದರು. ಬೆಂಕಿಪೆಟ್ಟಿಗೆಗಿಂತ ಸಣ್ಣ ಯಂತ್ರ. ಎಡ ಭುಜದ ಹತ್ತಿರ ಚರ್ಮದ ಕೆಳಗೆ ಇಡುತ್ತಾರೆ, ಅದರ ತಂತಿ ಹೃದಯಕ್ಕೆ ಹೋಗುತ್ತದೆ. ಮೇಲಿನವರ ಮಾತು ಕೆಳಗೆ ಮುಟ್ಟದೆ ಹೋದಾಗ ಇದು ಮುಟ್ಟಿಸುತ್ತದೆ.

"ಬಲಗಡೆ ಇಡಕ್ಕಾಗಲ್ವಾ ಡಾಕ್ಟ್ರೇ?" ಅಂತ ಷಡಕ್ಷರಿಯವರು ಸಣ್ಣ ದನಿಯಲ್ಲಿ ಕೇಳಿದರು.

"ಇಡಬಹುದು. ಆದ್ರೆ ಯಾಕೆ?"

"ಏನಿಲ್ಲ ಡಾಕ್ಟ್ರೇ, ಎಡಗಡೆನೇ ಇಡಿ," ಅಂದರು ಪ್ರೇಮಲೀಲಾ.

ಮಾರನೆಯ ದಿನ ಎಲ್ಲ ಮುಗಿದು, ವಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದಾಗ ಷಡಕ್ಷರಿಯವರು ಕಿಟಕಿಯ ಕಡೆ ಮುಖ ಮಾಡಿದ್ದರು. ಪ್ರೇಮಲೀಲಾ ಮೂಸಂಬಿ ಸುಲಿಯುತ್ತಿದ್ದರು.

"ಒಂಬತ್ತು ವರ್ಷದಿಂದ ಜನ ನನ್ನ ಹತ್ತಿರ ಬಂದ್ರೆ ಚರಂಡಿ, ಬೀದಿದೀಪ, ಹಂದಿ ಕಾಟ, ಅಷ್ಟೇ," ಅಂದರು. "ಈ ಒಂದು ತಿಂಗಳು ನನ್ನನ್ನ ವಿಚಾರಿಸ್ಕೊಂಡ್ರು ಕಣೇ. ಎದೆ ಮುಟ್ಟಿ, ಚೆನ್ನಾಗಿದೀರಾ ಅಂತ ಕೇಳಿದ್ರು. ಅದು ಹೋಗ್ಬುಡುತ್ತೇನೋ ಅಂತ ಭಯ ಆಯ್ತು."

ಪ್ರೇಮಲೀಲಾ ಒಂದು ತೊಳೆ ಅವರ ಬಾಯಿಗಿಟ್ಟರು. "ನಾನು ಮೂವತ್ತೊಂದು ವರ್ಷದಿಂದ ಕೇಳ್ತಾ ಇದೀನಲ್ಲ, ನನಗೇನು ಲೆಕ್ಕ ಇಲ್ವಾ?"

ಅವರು ಮೂಸಂಬಿ ತಿಂದರು.

ಸಂಜೆ ಲಿಂಗರಾಜು ಬಂದ. ಎಂಟುನೂರು ಆಹ್ವಾನಪತ್ರಿಕೆ ಅಚ್ಚಾಗಿವೆ, ಪುರಸ್ಕಾರದ ಫಲಕದ ಮೇಲೆ ಕೆತ್ತಿಸಿಯೂ ಆಗಿದೆ, ಮರಿಸ್ವಾಮಿಯವರ ತಾರೀಕು ಮತ್ತೆ ಸಿಗುವುದಿಲ್ಲ. "ಕಾರ್ಯಕ್ರಮ ಮುಗಿಯೋವರೆಗೆ ಬಲಗಡೆನೇ ಇರ್ಲಿ ಸಾರ್. ಆಮೇಲೆ ಬೇಕಾದ್ರೆ ಎಡಕ್ಕೆ ಬರ್ಲಿ. ಯಾರು ಒಳಗೆ ಇಣುಕಿ ನೋಡ್ತಾರೆ?"

ಷಡಕ್ಷರಿಯವರು ಯೋಚಿಸಿದರು. ಹಿಂದಿನ ವಾರವಾಗಿದ್ದರೆ ಇದಕ್ಕೆ ಯೋಚನೆ ಬೇಕಾಗುತ್ತಿರಲಿಲ್ಲ. "ಕಾರ್ಯಕ್ರಮ ಇಟ್ಕೊಳ್ಳಿ, ಬರ್ತೀನಿ," ಅಂದರು. "ಆದ್ರೆ ಮೈಕು ನನಗೆ ಕೊಡಬೇಕು. ಆ ಹುಡುಗಿಗೂ ಅವರ ತಂದೆಗೂ ಒಂದು ಪತ್ರಿಕೆ ನನ್ನ ಹೆಸರಲ್ಲಿ ಕೊಟ್ಟು ಬಾ."

ಮೂರು ವಾರ ಕಳೆದು ಸನ್ಮಾನ ನಡೆಯಿತು, ಅದೇ ಕಲ್ಯಾಣ ಮಂಟಪದಲ್ಲಿ, ಸಂಜೆ ಐದಕ್ಕೆ. ಮಂಟಪ ತುಂಬಿತ್ತು. ಅಧ್ಯಕ್ಷರಿಗೆ ಆಪರೇಷನ್ ಆಗಿದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾವ ಆಪರೇಷನ್ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಗೌತಮಿ ಅಪ್ಪನ ಜೊತೆ ಕೊನೆಯ ಸಾಲಿನಲ್ಲಿ ಕೂತಿದ್ದಳು. ಜವರಪ್ಪ ಮಗಳ ಸಾಹಸ ಕೇಳಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ವೇದಿಕೆಯ ಮೇಲೆ ಅವಳ ಹೆಸರು ಹೇಳಬಹುದೆಂದು ಅವನಿಗೆ ಸಣ್ಣ ಆಸೆ.

ಮರಿಸ್ವಾಮಿ ಮೈಕು ಹಿಡಿದರು. "ಮಹನೀಯರೇ! ಬಲಗಡೆ ಇದ್ದ ಹೃದಯವನ್ನು ನಮ್ಮ ಮೈಸೂರಿನ ಡಾಕ್ಟರುಗಳು ಒಂದೇ ದಿನದಲ್ಲಿ ಎಡಕ್ಕೆ ತಂದು ಕೂರಿಸಿದ್ದಾರೆ! ಇಂಥದ್ದು ಬೇರೆ ದೇಶದಲ್ಲಿ ಆಗಿದೆಯೇ? ಇಲ್ಲ!"

ಚಪ್ಪಾಳೆ ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಷಡಕ್ಷರಿಯವರು ಎದ್ದು, ಮೈಕು ಕೇಳಿ ಇಸಿದುಕೊಂಡರು. ಒಂಬತ್ತು ವರ್ಷದಲ್ಲಿ ಅವರು ಮಾಡಿದ ಭಾಷಣಗಳಲ್ಲೆಲ್ಲ ಇದೇ ಚಿಕ್ಕದು.

"ನನ್ನ ಹೃದಯ ಹುಟ್ಟಿದಾಗಿನಿಂದ ಎಡಗಡೆನೇ ಇದೆ. ಶಿಬಿರದ ದಿನ ತಂತಿ ತಪ್ಪಾಗಿ ಹಾಕಿದ್ರು. ಫೋಟೊಗೋಸ್ಕರ ನಾನೂ ಸುಮ್ಮನಿದ್ದೆ. ಆ ಕಾಗದದಲ್ಲಿ ನಿಜವಾದ ಕಾಯಿಲೆ ಬೇರೆ ಇತ್ತು. ಗೌತಮಿ ಅಂತ ಒಬ್ಬ ಹೆಣ್ಣುಮಗಳು ಅವತ್ತೇ ಅದನ್ನ ಕಂಡುಹಿಡಿದ್ರು. ನಾವು ಕೇಳಲಿಲ್ಲ. ಆಮೇಲೆ ನನ್ನ ಮನೆಗೇ ಬಂದು ನನ್ನ ಜೀವ ಉಳಿಸಿದ್ರು. ಈ ಬಿರುದು ನನಗೆ ಸಲ್ಲಲ್ಲ."

ಕೆಲವರು ಹಿಂದಕ್ಕೆ ತಿರುಗಿ ನೋಡಿದರು. ಜವರಪ್ಪ ಮಗಳ ಕೈ ಹಿಡಿದುಕೊಂಡ. ಒಂದು ಕ್ಷಣ, ಮಾತು ಜನರನ್ನು ಮುಟ್ಟಿತೆಂದೇ ಷಡಕ್ಷರಿಯವರಿಗೂ ಅನಿಸಿತು. ಅಷ್ಟರಲ್ಲಿ ಮರಿಸ್ವಾಮಿ ಮೈಕು ವಾಪಸ್ ಕಿತ್ತುಕೊಂಡರು. ಅವರ ಕಣ್ಣು ತೇವವಾಗಿತ್ತು.

"ಎಂಥ ವಿನಯ! ಕೇಳಿದಿರಾ? ಎಂಥ ವಿನಯ! ಹೃದಯ ಬಲಗಡೆ ಇದ್ದವರಿಗೆ ಮಾತ್ರ ಇಂಥ ವಿನಯ ಬರೋದು!"

ಈ ಸಲ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಲಿಂಗರಾಜು ಶಾಲು ಹೊದಿಸಿದ, ಮೈಸೂರು ಪೇಟ ಇಟ್ಟ, ಫಲಕ ಕೊಟ್ಟ. ಫೋಟೊಗ್ರಾಫರ್ ಮುಂದೆ ಬಂದ. ಮರಿಸ್ವಾಮಿ ಚುನಾವಣೆ ಗೆದ್ದವರಂತೆ ಅಧ್ಯಕ್ಷರ ಎಡಗೈ ಹಿಡಿದು ಮೇಲಕ್ಕೆ ಎತ್ತಹೊರಟರು.

"ಕೈ ಎತ್ತಬೇಡಿ!" ಕೊನೆಯ ಸಾಲಿನಿಂದ ಗೌತಮಿ ಕೂಗಿದಳು. "ತಂತಿ ಕಿತ್ತು ಬರುತ್ತೆ!"

ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ, ಪ್ರೇಮಲೀಲಾ ಒಬ್ಬರಿಗೆ ಬಿಟ್ಟು. ಮೊದಲ ಸಾಲಿನಲ್ಲಿದ್ದ ಅವರು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಲ್ಲದ ಕಡೆಯಿಂದಲೇ ವೇದಿಕೆ ಹತ್ತಿ, ಮಾಜಿ ಕಾರ್ಪೊರೇಟರ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. "ಎರಡೂ ಅವರ ಕೈಗಳೇ ಸ್ವಾಮಿ, ನಿಜ. ಆದ್ರೆ ನಿಮ್ಮದಲ್ಲ," ಅಂದರು. ಮರಿಸ್ವಾಮಿ ಪೆಚ್ಚಾಗಿ ನಕ್ಕರು. ಫೋಟೊ ಸಿಗಲಿಲ್ಲ.

ಷಡಕ್ಷರಿಯವರು ಹೆಂಡತಿಯ ಜೊತೆ ವೇದಿಕೆ ಇಳಿದು ನೇರ ಹಿಂದಕ್ಕೆ ನಡೆದರು. ಪೇಟ ತೆಗೆದು ಖಾಲಿ ಕುರ್ಚಿಯ ಮೇಲಿಟ್ಟು, ಶಾಲನ್ನು ಬಲಗೈಯಲ್ಲೇ ಎಳೆದು ಗೌತಮಿಯ ಹೆಗಲಿಗೆ ಹಾಕಿದರು. ಜವರಪ್ಪನಿಗೆ ಕೈಮುಗಿಯಲು ಹೋಗಿ, ಎಡಗೈ ಜಾಸ್ತಿ ಏಳದೆ, ಅರ್ಧ ಮುಗಿದರು. ಜವರಪ್ಪ ಎದ್ದು ನಿಂತು ಪೂರ್ತಿ ಮುಗಿದ.

"ಏನು ಹೇಳಿದ್ರೂ ನಂಬಲ್ವಲ್ಲ ಸರ್ ಇವರು," ಅಂದಳು ಗೌತಮಿ.

"ನಾನು ನಂಬಿದ್ನಾ ಮೊದಲು?" ಅಂದರು ಷಡಕ್ಷರಿ, ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತ.

ವೇದಿಕೆಯ ಮೇಲೆ ಸನ್ಮಾನಿತರು ಇಲ್ಲದಿದ್ದರೂ ಭಾಷಣಗಳು ಮುಂದುವರಿದವು. ಹಿಂದಿನ ಸಾಲಿಗೆ ಜನ ಒಬ್ಬೊಬ್ಬರಾಗಿ ಬರತೊಡಗಿದರು. ಕೆಲವರು ಅಧ್ಯಕ್ಷರ ಎದೆಯ ಎಡಗಡೆ ಮುಟ್ಟಿ, "ಇಲ್ಲಿಗೆ ತಂದು ಇಟ್ರಾ?" ಅಂತ ಕೇಳಿದರು. ಅವರು ಪ್ರತಿಯೊಬ್ಬರಿಗೂ "ಅಲ್ಲೇ ಇತ್ತು" ಎಂದು ಹೇಳುತ್ತ ಹೋದರು. ಹನ್ನೊಂದು ಜನಕ್ಕೆ ಹೇಳಿದರು. ಹನ್ನೊಂದೂ ಜನ ತಲೆಯಾಡಿಸಿ, ನಂಬದೆ ಹೋದರು.

ಹನ್ನೆರಡನೆಯವಳು ಎಪ್ಪತ್ತು ದಾಟಿದ ಮುದುಕಿ. ಬಡಾವಣೆಯ ಬೀದಿಗಳಲ್ಲಿ ಸೊಪ್ಪು ಮಾರುವ ದೊಡ್ಡಮ್ಮ. ಅವಳು ಅಧ್ಯಕ್ಷರ ಎದೆ ಮುಟ್ಟಲಿಲ್ಲ. ಗೌತಮಿಯ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು.

"ನೀನೇ ಏನವ್ವ ಆ ಮಗ? ನನಗೂ ಬುಟ್ಟಿ ಎತ್ತುವಾಗ ಕಣ್ಣು ಕತ್ಲೆ ಆಯ್ತದೆ ಕಣವ್ವ. ಶಿಬಿರಕ್ಕೆ ಬಂದಿದ್ದೆ, ಟೋಕನ್ ಮುಗದೋಯ್ತು ಅಂದ್ಬುಟ್ರು."

ಗೌತಮಿ ಅವಳನ್ನು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಗಡಿಯಾರ ನೋಡತೊಡಗಿದಳು. ಮೈಕಿನಲ್ಲಿ ಲಿಂಗರಾಜು ಬಳಗದ ಒಂಬತ್ತು ವರ್ಷದ ಸಾಧನೆ ಓದುತ್ತಿದ್ದ. ಸ್ಪೀಕರು ಅವರ ತಲೆಯ ಮೇಲೇ ಇತ್ತು. ಷಡಕ್ಷರಿಯವರು ಎದ್ದು ಸೌಂಡ್ ಸಿಸ್ಟಮ್ಮಿನವನ ಹತ್ತಿರ ಹೋದರು.

"ಸ್ವಲ್ಪ ಕಮ್ಮಿ ಮಾಡಪ್ಪ," ಅಂದರು. "ಅಲ್ಲಿ ಎಣಿಸ್ತಾ ಇದಾರೆ."